ರೊಟ್ಟಿ ಬಡಿಯುವ ಸಪ್ಪಳ ಹಿಡಿದು

ಗೋಳಗುಮ್ಮಟ ನೋಡಲು ವಿಜಯಪುರಕ್ಕೆ ಬಂದವರು ಪಿಸುಮಾತಿನ ಗ್ಯಾಲರಿ ಹತ್ತಿ ಇಳಿದ ಮೇಲೆ ಕೇಳುವ ಮೊದಲ ಪ್ರಶ್ನೆ ಊಟದ್ದು. ಊರಿನವರು ಜೊತೆಗಿದ್ದರೆ ಅವರನ್ನು ಕೇಳುತ್ತಾರೆ, ಇಲ್ಲದಿದ್ದರೆ ಫೋನು ತೆಗೆಯುತ್ತಾರೆ. ಫೋನಿನಲ್ಲಿ ಪಿಜ್ಜಾ ಸಿಗುವಷ್ಟು ಸಲೀಸಾಗಿ ಜೋಳದ ರೊಟ್ಟಿಯ ಒಳ್ಳೆಯ ಖಾನಾವಳಿ ಸಿಗುವುದಿಲ್ಲ, ಅದೂ ಜೋಳದ ನಾಡಿನ ನಟ್ಟನಡುವೆ. ಜನರ ನಾಲಿಗೆ ಕೆಟ್ಟಿದೆ, ಎಲ್ಲರಿಗೂ ಪಿಜ್ಜಾದ ಹುಚ್ಚು ಹಿಡಿದಿದೆ ಎಂದು ಇದಕ್ಕೆ ಕಾರಣ ಹೇಳುವವರಿದ್ದಾರೆ. ನನಗೆ ಹಾಗನಿಸಿಲ್ಲ. ಕಾರಣ ಹಿಟ್ಟಿನೊಳಗೇ ಇದೆ. ಅದನ್ನು ಅರಿತರೆ ಖಾನಾವಳಿ ಹುಡುಕುವ ದಾರಿಯೂ ಅರಿವಾಗುತ್ತದೆ. ಒಳ್ಳೆಯ ಪಿಜ್ಜಾ ಅಂಗಡಿ ಹುಡುಕುವುದಕ್ಕೂ ಆ ಅರಿವು ಉಪಯೋಗಕ್ಕೆ ಬರುತ್ತದೆ.

ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದಾಗ ಅದರಲ್ಲಿರುವ ಗ್ಲುಟೆನಿನ್, ಗ್ಲಯಾಡಿನ್ ಎಂಬ ಎರಡು ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಎಳೆದರೆ ಹಿಗ್ಗುವ ಜಾಲವಾಗುತ್ತವೆ. ಇದೇ ಗ್ಲುಟೆನ್. ಯೀಸ್ಟ್ ಬಿಡುವ ಗಾಳಿ ಈ ಜಾಲದಲ್ಲಿ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ. ಈ ಹಿಟ್ಟಿಗೆ ಕಾಯುವ ಗುಣವಿದೆ. ತಂಪಿನಲ್ಲಿ ಇಟ್ಟರೆ ಒಂದೆರಡು ದಿನ ಕೆಡದು, ಅದರ ರುಚಿ ಇನ್ನಷ್ಟು ಏರುತ್ತದೆ. ಉಂಡೆ ಮಾಡಿ ಹೆಪ್ಪುಗಟ್ಟಿಸಿ ಲಾರಿಯಲ್ಲಿ ಕಳಿಸಬಹುದು, ಅರೆಬೇಯಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಿರಾಣಿ ಅಂಗಡಿಯಲ್ಲಿ ಮಾರಬಹುದು. ಒಂದೂರಿನ ದೊಡ್ಡ ಅಡುಗೆಮನೆಯಲ್ಲಿ ನಾದಿದ್ದನ್ನು ಹತ್ತೂರಿನಲ್ಲಿ ಬೇಯಿಸಬಹುದು. ಸರಣಿ ಅಂಗಡಿಗಳ ವ್ಯಾಪಾರ ನಿಂತಿರುವುದೇ ಈ ಗುಣದ ಮೇಲೆ. 1996ರಲ್ಲಿ ಡಾಮಿನೋಸ್ ದೆಹಲಿಯಲ್ಲಿಯೂ ಪಿಜ್ಜಾ ಹಟ್ ಬೆಂಗಳೂರಿನಲ್ಲಿಯೂ ಭಾರತದ ಮೊದಲ ಅಂಗಡಿಗಳನ್ನು ತೆರೆದವು. ಅದರ ಹಿಂದಿನ ವರ್ಷವಷ್ಟೇ ಬೆಂಗಳೂರಿಗೆ ಬಂದಿದ್ದ ಕೆಎಫ್‌ಸಿಯ ವಿರುದ್ಧ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬೀದಿಗಿಳಿದಿದ್ದ ಕಾಲ ಅದು. ಹೀಗೆ ಕನ್ನಡ ನಾಡಿನ ಬಹುಪಾಲು ಜನ ಪಿಜ್ಜಾವನ್ನು ಮೊದಲು ನೋಡಿದ್ದು ಕಂಪನಿಯ ಹೆಸರಿನ ಡಬ್ಬಿಯೊಳಗೆ. ಯಾವ ಊರಿಗೆ ಹೋದರೂ ಒಂದೇ ರುಚಿ ಎಂಬುದೇ ಆ ಡಬ್ಬಿಯ ಭರವಸೆಯಾಗಿತ್ತು.

ಪಿಜ್ಜಾದ ತವರು ಇಟಲಿಯ ನೇಪಲ್ಸ್‌ನಲ್ಲಿ ಈ ಭರವಸೆಗೆ ಬೆಲೆಯಿಲ್ಲ. ಅಲ್ಲಿ ಓಣಿಗೊಂದು ಅಂಗಡಿ, ಅಂಗಡಿಗೊಬ್ಬ ಕೈಪಳಗಿದ ಪಿಜ್ಜಾಗಾರ. 1984ರಲ್ಲಿ ಅಲ್ಲಿಯ ಪಿಜ್ಜಾಗಾರರು ಸಂಘ ಕಟ್ಟಿ ನಿಜವಾದ ನೇಪಲ್ಸ್ ಪಿಜ್ಜಾ ಹೇಗಿರಬೇಕೆಂಬುದನ್ನು ಬರೆದಿಟ್ಟರು: ಹಿಟ್ಟನ್ನು ಕೈಯಲ್ಲೇ ತಟ್ಟಿ ಹಿಗ್ಗಿಸಬೇಕು, ಲಟ್ಟಣಿಗೆ ಮುಟ್ಟಿಸಬಾರದು, ಕಟ್ಟಿಗೆ ಒಲೆಯ ಭಾರೀ ಕಾವಿನಲ್ಲಿ ಒಂದರಿಂದ ಒಂದೂವರೆ ನಿಮಿಷದೊಳಗೆ ಬೇಯಿಸಿ ತೆಗೆಯಬೇಕು. 2017ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಾಗಲೂ ಅದು ಮನ್ನಿಸಿದ್ದು ಆ ಪಿಜ್ಜಾಗಾರರ ಕೈಕಸುಬನ್ನು. ತಿನ್ನುವ ವಸ್ತುವಿಗಿಂತ ಅದನ್ನು ಮಾಡುವ ಕೈ ಮುಖ್ಯ ಎಂದು ನೇಪಲ್ಸಿನವರಿಗೆ ಗೊತ್ತು. ವಿಜಯಪುರದ ಅಜ್ಜಿಯರಿಗೂ ಗೊತ್ತು, ಆದರೆ ಅವರು ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ.

ಈಗ ಜೋಳಕ್ಕೆ ಬರೋಣ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದರ ಮುಖ್ಯ ಪ್ರೋಟೀನಾದ ಕಾಫಿರಿನ್ ನೀರು ಬಿದ್ದರೆ ಜಾಲ ಕಟ್ಟುವುದಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟನ್ನು ತಟ್ಟಲು ಹೋದರೆ ಅಂಚು ಬಿರಿದು ಕೈಗೆ ಚೂರು ಬರುತ್ತದೆ. ಅದಕ್ಕೇ ನಮ್ಮ ಹೆಣ್ಣುಮಕ್ಕಳು ಎಸರು ಕಾಯಿಸುತ್ತಾರೆ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟದ ಕಣಗಳು ಉಬ್ಬಿ ಅಂಟಾಗುತ್ತವೆ. ಇಲ್ಲದ ಗ್ಲುಟೆನ್ನಿನ ಕೆಲಸವನ್ನು ಈ ಅಂಟು ಸ್ವಲ್ಪ ಹೊತ್ತು ಮಾಡುತ್ತದೆ. ಸ್ವಲ್ಪ ಹೊತ್ತು ಮಾತ್ರ. ಹಿಟ್ಟು ಆರಿದಂತೆ ಪಿಷ್ಟ ಮತ್ತೆ ಬಿಗಿಯುತ್ತದೆ, ಜಿಗಿ ಹೋಗುತ್ತದೆ. ಅದಕ್ಕೇ ರೊಟ್ಟಿ ಮಾಡುವವರು ಇಡೀ ಹಿಟ್ಟನ್ನು ಒಮ್ಮೆಲೇ ನಾದಿಡುವುದಿಲ್ಲ. ಒಂದು ರೊಟ್ಟಿಗೆ ಬೇಕಾದಷ್ಟನ್ನು ಎಳೆದುಕೊಂಡು, ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಿ, ಒಣಹಿಟ್ಟು ಹಚ್ಚಿ ಬಡಿಯುತ್ತಾರೆ. ಒಂದು ಹಂಚಿನ ಮೇಲಿರುವಾಗ ಇನ್ನೊಂದು ಕೈಯಲ್ಲಿ ತಿರುಗುತ್ತಿರುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ಇದರಿಂದ ಮೇಲೆ ಉಳಿದ ಒಣಹಿಟ್ಟು ಕರಗಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಬಿರುಕಿಲ್ಲದಿದ್ದರೆ ಒಳಗೆ ಹುಟ್ಟಿದ ಉಗಿಗೆ ಹೊರಹೋಗಲು ದಾರಿಯಿಲ್ಲ, ರೊಟ್ಟಿ ಎರಡು ಪದರಾಗಿ ಉಬ್ಬುತ್ತದೆ.

ಈ ಹಿಟ್ಟಿಗೆ ಕಾಯುವುದು ಗೊತ್ತಿಲ್ಲ. ನಾದಿ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಅದು ರೊಟ್ಟಿಯಾಗದು. ಬೀಸಿದ ಹಿಟ್ಟಿನದೂ ಇದೇ ಸ್ವಭಾವ. ಜೋಳದ ಮೊಳಕೆಯಲ್ಲಿರುವ ಎಣ್ಣೆಯಂಶ ಗಾಳಿ ತಾಗಿ ಕೆಡುವುದರಿಂದ ಹಳೆಯ ಹಿಟ್ಟಿಗೆ ಕಹಿ ಬರುತ್ತದೆ, ಜಿಗಿಯೂ ತಗ್ಗುತ್ತದೆ. ಆದ್ದರಿಂದ ಬಿಸಿ ರೊಟ್ಟಿಯನ್ನು ಒಂದೆಡೆ ಮಾಡಿ ಇನ್ನೊಂದೆಡೆ ಮಾರಲಾಗದು. ತಿನ್ನುವವರು ಎಲ್ಲಿ ಕೂತಿದ್ದಾರೋ ಅಲ್ಲಿಯೇ, ಅವರು ಕೂತ ಹೊತ್ತಿಗೇ, ಒಬ್ಬರು ಒಲೆಯ ಮುಂದೆ ಇರಬೇಕು. ವಿಜಯಪುರದ ಒಳ್ಳೆಯ ಖಾನಾವಳಿಗೆ ಶಾಖೆಗಳಿಲ್ಲ, ಜಾಹೀರಾತಿಲ್ಲ, ಎಷ್ಟೋ ಕಡೆ ಸರಿಯಾದ ಬೋರ್ಡೂ ಇಲ್ಲ. ಕೈ ಒಂದೇ ಇರುವಾಗ ಶಾಖೆ ಎಲ್ಲಿಂದ ಬರಬೇಕು?

ಇದು ತಿಳಿದ ಮೇಲೆ ಹುಡುಕುವುದು ಕಿವಿಯಿಂದ ಶುರುವಾಗಬೇಕು. ಖಾನಾವಳಿಯ ಬಾಗಿಲಲ್ಲಿ ಅರೆಗಳಿಗೆ ನಿಂತು ಆಲಿಸಿ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿದ್ದರೆ ಅರ್ಧ ಪರೀಕ್ಷೆ ಮುಗಿಯಿತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿಯೂ ಸಪ್ಪಳ ಇಲ್ಲವೆಂದರೆ ರೊಟ್ಟಿ ಬೆಳಿಗ್ಗೆಯೇ ಆಗಿ ಬುಟ್ಟಿಯಲ್ಲಿ ಮಲಗಿದೆ ಎಂದರ್ಥ. ಒಳಗೆ ಕೂತ ಮೇಲೆ ರೊಟ್ಟಿ ಒಂದೊಂದಾಗಿ ಬರುತ್ತದೋ, ಒಮ್ಮೆಲೇ ನಾಲ್ಕು ಬಂದು ತಟ್ಟೆಯ ಮೇಲೆ ಬೀಳುತ್ತವೋ ನೋಡಿ. ಒಂದೊಂದಾಗಿ ಬರುವುದು ಒಳ್ಳೆಯದು, ಕಾಯಬೇಕಾಗಿ ಬಂದರೂ ಒಳ್ಳೆಯದು. ಅಂಚು ನೋಡಿ: ಕೈಯಲ್ಲಿ ಬಡಿದ ರೊಟ್ಟಿಯ ಅಂಚು ತೆಳ್ಳಗೆ, ತುಸು ಏರುಪೇರಾಗಿ ಇರುತ್ತದೆ. ಅಚ್ಚಿನಲ್ಲಿ ಒತ್ತಿದ್ದರದು ಗೆರೆ ಎಳೆದಂತೆ ದುಂಡಗೆ. ಮುರಿದು ಮೂಗಿನ ಹತ್ತಿರ ಹಿಡಿಯಿರಿ. ಹೊಸದಾಗಿ ಬೀಸಿದ ಹಿಟ್ಟಿಗೆ ಒಂದು ಸಿಹಿ ವಾಸನೆ ಇದೆ, ಒಮ್ಮೆ ಗುರುತಾದರೆ ಮರೆಯುವಂಥದ್ದಲ್ಲ.

ಯಾರನ್ನು ಕೇಳಬೇಕು ಎಂಬುದು ಎರಡನೆಯ ಮಾತು, ಮತ್ತು ಬಹಳ ಜನ ತಪ್ಪುವುದು ಇಲ್ಲಿಯೇ. ವಿಜಯಪುರದಲ್ಲಿ ಮನೆಯಿದ್ದವರಿಗೆ ಖಾನಾವಳಿ ಗೊತ್ತಿರುವುದು ಕಡಿಮೆ. ಅವರಿಗೆ ರೊಟ್ಟಿ ಮನೆಯಲ್ಲೇ ಸಿಗುತ್ತದೆ. ಹೊರಗೆ ಹೋದಾಗ ಅವರು ಮನೆಯಲ್ಲಿ ಇಲ್ಲದ್ದನ್ನು ತಿನ್ನುತ್ತಾರೆ, ಪಿಜ್ಜಾ, ಗೋಬಿ ಮಂಚೂರಿ, ಹೈದರಾಬಾದಿ ಬಿರಿಯಾನಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವರನ್ನು ಖಾನಾವಳಿ ಕೇಳಿದರೆ ಹತ್ತು ವರ್ಷದ ಹಿಂದೆ ಕೇಳಿದ ಹೆಸರು ಹೇಳುತ್ತಾರೆ. ಖಾನಾವಳಿ ಇರುವುದು ಆ ಊರಿನಲ್ಲಿ ಮನೆ ಇಲ್ಲದವರಿಗಾಗಿ. ಕೊಠಡಿ ಹಿಡಿದು ಓದುವ ಹುಡುಗರು, ವರ್ಗವಾಗಿ ಬಂದ ಗುಮಾಸ್ತರು, ಎಪಿಎಂಸಿಯ ಹಮಾಲರು, ಕೋರ್ಟಿಗೆ ತಾರೀಖಿಗೆಂದು ಬಂದವರು, ಆಸ್ಪತ್ರೆಯಲ್ಲಿ ರೋಗಿಯ ಹತ್ತಿರ ಇರುವವರು, ಬಸ್ಸಿನ ಚಾಲಕ ನಿರ್ವಾಹಕರು, ಇವರೆಲ್ಲ ಅದರ ನಿಜವಾದ ಗಿರಾಕಿಗಳು. ಫ.ಗು. ಹಳಕಟ್ಟಿಯವರು 1910ರಲ್ಲಿ ನೆಟ್ಟ ಬಿಎಲ್‌ಡಿಇ ಸಂಸ್ಥೆ ಇಂದು ಕಾಲೇಜು, ಆಸ್ಪತ್ರೆಗಳಾಗಿ ಬೆಳೆದಿರುವುದರಿಂದ ಹೊರಗಿನ ವಿದ್ಯಾರ್ಥಿಗಳೂ ರೋಗಿಗಳ ಕಡೆಯವರೂ ಈ ಊರಿಗೆ ತಪ್ಪದೆ ಬರುತ್ತಾರೆ. ಬಸ್ ನಿಲ್ದಾಣ, ಕೋರ್ಟು, ಆಸ್ಪತ್ರೆ, ಹಾಸ್ಟೆಲು, ಮಾರುಕಟ್ಟೆ, ಈ ಐದರ ಸುತ್ತಲಿನ ಓಣಿಗಳಲ್ಲಿ ನಡೆದಾಡಿದರೆ ಲಾಡ್ಜಿನ ಕೌಂಟರಿನಲ್ಲಿ ಸಿಗದ ಉತ್ತರ ಸಿಗುತ್ತದೆ.

ಅವರೊಳಗೂ ತಿಂಗಳ ಲೆಕ್ಕದಲ್ಲಿ ಉಣ್ಣುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಒಂದು ದಿನ ಬಂದು ಉಂಡು ಹೋದವನು ಆ ದಿನದ ಪಲ್ಯವನ್ನು ಹೊಗಳಿಯಾನು, ತೆಗಳಿಯಾನು. ತಿಂಗಳ ಹಣ ಕಟ್ಟಿದವನು ಅದೇ ಕೈಯ ಅಡುಗೆಯನ್ನು ಅಮಾವಾಸ್ಯೆಯಲ್ಲೂ ಹುಣ್ಣಿಮೆಯಲ್ಲೂ ಉಂಡಿರುತ್ತಾನೆ. ಅಡುಗೆಯವರಿಗೆ ಜ್ವರ ಬಂದ ದಿನ, ಉಳ್ಳಾಗಡ್ಡಿ ದರ ಏರಿದ ವಾರ, ಗ್ಯಾಸ್ ಸಿಲಿಂಡರ್ ತೀರಿದ ರಾತ್ರಿ ತಟ್ಟೆಗೆ ಏನು ಬಂತು ಎಂಬುದು ಅವನಿಗೆ ಗೊತ್ತು. ಅಂಥವನು ಮುಂದಿನ ತಿಂಗಳಿಗೂ ಅಲ್ಲೇ ಹಣ ಕಟ್ಟಿದ್ದರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. ಫೋನಿನಲ್ಲಿ ಕಾಣುವ ನಕ್ಷತ್ರಗಳನ್ನು ಕೊಡುವವರು ಹೆಚ್ಚಾಗಿ ಒಂದು ದಿನದ ಗಿರಾಕಿಗಳು. ತಿಂಗಳ ಗಿರಾಕಿ ತನ್ನ ಖಾನಾವಳಿಗೆ ನಕ್ಷತ್ರ ಕೊಡಲು ಹೋಗುವುದು ಅಪರೂಪ.

ಕೆಲವು ಖಾನಾವಳಿಗಳು ಮನೆಯ ಮುಂದಿನ ಪಡಸಾಲೆಯಲ್ಲಿ ನಡೆಯುತ್ತವೆ. ಗಂಡ ತೀರಿಕೊಂಡ ಮೇಲೆ ಸಂಸಾರದ ಭಾರ ಹೊತ್ತ ಹೆಣ್ಣುಮಗಳೊಬ್ಬಳು ಹತ್ತು ಡಬ್ಬಿಯಿಂದ ಶುರು ಮಾಡಿ, ಮಕ್ಕಳನ್ನು ಓದಿಸಿದ ಕತೆ ಈ ಊರಿನಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಇದು. ಆ ಬಿಸಿಲಿನಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದೆಂದರೆ ಭುಜ, ಬೆನ್ನು, ಕಣ್ಣು ಮೂರೂ ಸವೆಯುವ ದುಡಿಮೆ. ನಾವು ಪಿಜ್ಜಾಕ್ಕೆ ಮುನ್ನೂರು ನಾನೂರು ರೂಪಾಯಿ ಕೊಡುವಾಗ ಕೇಳದ ಪ್ರಶ್ನೆಯನ್ನು ರೊಟ್ಟಿಗೆ ಐದು ರೂಪಾಯಿ ಹೆಚ್ಚಾದಾಗ ಕೇಳುತ್ತೇವೆ. ಇದು ಅನ್ಯಾಯ. ಒಳ್ಳೆಯ ಖಾನಾವಳಿ ಉಳಿಯಬೇಕೆಂದರೆ ಬಿಸಿ ರೊಟ್ಟಿಗೆ ಅದರ ದುಡಿಮೆಯ ಬೆಲೆ ಸಿಗಬೇಕು. ರೊಟ್ಟಿ ಒತ್ತುವ ಯಂತ್ರ ಬಂದಿರುವುದು ಆ ದುಡಿಮೆ ತಗ್ಗಿಸಲಿಕ್ಕೆ. ಅದನ್ನು ಇಟ್ಟುಕೊಂಡವರನ್ನು ನಾನು ದೂರುವುದಿಲ್ಲ. ರುಚಿಯಲ್ಲಿ ವ್ಯತ್ಯಾಸವಿದೆ ಎಂದಷ್ಟೇ ಹೇಳುತ್ತೇನೆ.

ತಟ್ಟೆಯಲ್ಲಿ ರೊಟ್ಟಿಯ ಸುತ್ತ ಏನಿದೆ ಎಂಬುದರಿಂದಲೂ ಬಹಳ ತಿಳಿಯುತ್ತದೆ. ಒಂದು ಕಾಳಿನ ಪಲ್ಯ, ಒಂದು ಕಾಯಿಪಲ್ಯ, ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಆಮೇಲೆ ಅನ್ನ ಸಾರು. ಪಟ್ಟಿ ಇಷ್ಟೇ ಇದ್ದರೆ ಸಾಕು. ಪನೀರು, ನೂಡಲ್ಸು ಸೇರಿ ಪಟ್ಟಿ ಉದ್ದವಾದಷ್ಟೂ ರೊಟ್ಟಿಯ ಕಡೆಗಿನ ಗಮನ ಕಡಿಮೆಯಾಗಿರುವುದನ್ನು ಕಂಡಿದ್ದೇನೆ. ಎಣ್ಣೆಗಾಯಿ ಎಲ್ಲರಿಗೂ ಬೇಕು, ಆದರೆ ಖಾನಾವಳಿಯ ಯೋಗ್ಯತೆ ಗೊತ್ತಾಗುವುದು ಮಡಕಿ ಕಾಳಿನಲ್ಲಿ, ಝುಣಕದಲ್ಲಿ. ಮಸಾಲೆ ಸುರಿದು ಮುಚ್ಚಲಾಗದ ಅಡುಗೆಗಳವು. ಇನ್ನು ಹಿಂಡಿ. ಶೇಂಗಾ, ಅಗಸಿ, ಗುರೆಳ್ಳು, ಮೂರರಲ್ಲಿ ಒಂದನ್ನಾದರೂ ಅಲ್ಲಿಯೇ ಕುಟ್ಟಿದ್ದರೆ ಎಣ್ಣೆಯ ಪಸೆ ಬೆರಳಿಗೆ ಹತ್ತುತ್ತದೆ. ಚಳಿಗಾಲದಲ್ಲಿ ಹೋದರೆ ಹಕ್ಕರಕಿ ಸೊಪ್ಪು ಹಸಿಯಾಗಿಯೇ ತಟ್ಟೆಗೆ ಬಂದಿದೆಯೋ ನೋಡಿ. ಎರೆಹೊಲದ ಬದುವಿನಲ್ಲಿ ಹುಟ್ಟುವ ಆ ಸೊಪ್ಪನ್ನು ತರಿಸಿ ತೊಳೆದು ಇಡುವ ಖಾನಾವಳಿಗೆ ಹೊಲದ ಜೊತೆ ಸಂಬಂಧ ಇನ್ನೂ ಉಳಿದಿದೆ.

ಇಲ್ಲಿ ಒಂದು ಸಂಗತಿ ನೆನಪಾಗುತ್ತದೆ. ಪಿಜ್ಜಾದ ಟೊಮೆಟೊ, ರೊಟ್ಟಿಯ ಜೊತೆಗಿನ ಕೆಂಪು ಖಾರ, ಹಿಂಡಿಯ ಶೇಂಗಾ, ಮೂರರ ತವರೂ ಅಮೆರಿಕ ಖಂಡ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಕಿತ್ತುಕೊಂಡದ್ದು ನಮ್ಮ ವಿಜಯಪುರದ ಆದಿಲ್‌ಶಾಹಿಗಳಿಂದ. ಮೆಣಸಿನಕಾಯಿ ಈ ಕಡೆಗೆ ಬಂದದ್ದು ಆ ಪೋರ್ಚುಗೀಸರ ಹಡಗುಗಳ ದಾರಿಯಿಂದ. ಆದ್ದರಿಂದ ರೊಟ್ಟಿ ನಮ್ಮದು, ಪಿಜ್ಜಾ ಪರದೇಶಿ ಎಂಬ ವಾದಕ್ಕೆ ನಾನು ಕೂಡುವುದಿಲ್ಲ. ಕೆಂಪು ಮೆಣಸಿನಕಾಯಿಯ ರಂಜಕವಿಲ್ಲದ ರೊಟ್ಟಿಯ ಊಟವನ್ನು ಇಂದು ನೆನೆಯುವುದೂ ಕಷ್ಟ. ಹೊರಗಿನಿಂದ ಬಂದದ್ದನ್ನು ನಾಡು ತನ್ನ ಕೈಗೆ ಪಳಗಿಸಿಕೊಂಡಿದೆ.

ಜೋಳ ಮಾತ್ರ ಈ ಮಣ್ಣನ್ನೇ ನೆಚ್ಚಿದ ಬೆಳೆ. ಜತ್ತದ ಕಡೆಯಿಂದ ಹರಿದು ಬರುವ ಡೋಣಿ ಈ ಸೀಮೆಯ ಎರೆನೆಲದ ನಡುವೆ ಸಾಗಿ ತಾಳಿಕೋಟೆಯ ಆಚೆ ಕೃಷ್ಣೆಗೆ ಕೂಡುತ್ತದೆ. ನೀರು ಉಪ್ಪು, ಕುಡಿಯಲು ಬಾರದು. ಆದರೂ ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆ ಇಲ್ಲಿ ಇಂದಿಗೂ ಬಳಕೆಯಲ್ಲಿದೆ. ಗುಟ್ಟು ಇರುವುದು ಆಳವಾದ ಕಪ್ಪುಮಣ್ಣಿನಲ್ಲಿ. ಸೆಪ್ಟೆಂಬರಿನ ಮಳೆಯನ್ನು ಈ ಮಣ್ಣು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಆ ತೇವದ ಮೇಲೆಯೇ ಬೆಳೆದು, ಮಂಜು ಕುಡಿದು, ಜನವರಿ ಫೆಬ್ರುವರಿ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ತೆನೆ ಬಲಿಯುವಾಗ ಮಳೆ ಇರುವುದಿಲ್ಲ. ಮುಂಗಾರಿ ಜೋಳಕ್ಕೆ ಬಲಿಯುವ ಕಾಲದಲ್ಲಿ ಮಳೆ ಸಿಕ್ಕಿ ಕಾಳಿಗೆ ಬೂಸು ಹಿಡಿದು ಕಪ್ಪಾಗುವುದುಂಟು. ಹಿಂಗಾರಿಯದು ಮುತ್ತಿನಂತೆ ಬೆಳ್ಳಗೆ. ರೊಟ್ಟಿಯ ಬಣ್ಣ, ಜಿಗಿ, ಸಿಹಿ ಎಲ್ಲ ಇಲ್ಲಿಂದಲೇ ಬರುತ್ತವೆ.

ಈ ಹೊಲಗಳಲ್ಲಿ ಹೆಚ್ಚಾಗಿ ಕಾಣುವ ತಳಿ ಮಾಲದಂಡಿ, ಕಾಗದದ ಮೇಲಿನ ಹೆಸರು ಎಂ 35-1. ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ನಾಟಿ ಜೋಳದಿಂದ ಆಯ್ದು ತೆಗೆದದ್ದು. ಆಮೇಲೆ ಎಷ್ಟೋ ಹೊಸ ತಳಿಗಳು ಬಂದರೂ ರೈತರು ಇದನ್ನು ಬಿಟ್ಟಿಲ್ಲ, ಏಕೆಂದರೆ ರೊಟ್ಟಿಗೂ ಸೈ, ದನಕ್ಕೆ ಹಾಕುವ ಕಣಿಕಿಗೂ ಸೈ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದದ್ದೂ ಅದೇ 1930ರ ದಶಕದಲ್ಲಿ. ಹಿಟ್ನಳ್ಳಿಯ ಕೃಷಿ ಸಂಶೋಧನಾ ಕೇಂದ್ರದಿಂದ ಹೊರಬಂದ ಬಿಜೆವಿ-44 ಎಂಬ ತಳಿಯೂ ಈಗ ಹೊಲಗಳಲ್ಲಿದೆ. ರಾಜ್ಯದ ಗಡಿಯ ಆಚೆಗಿನ ಮಂಗಳವೇಡೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಡೋಣಿ ಸಾಲಿನ ಜೋಳ ಯಾವ ಬಗೆಯಲ್ಲಿಯೂ ಅದಕ್ಕೆ ಕಡಿಮೆಯದಲ್ಲ. ಹಾಗಾಗಿ ಖಾನಾವಳಿಯಲ್ಲಿ ಉಂಡು ಕೈ ತೊಳೆದ ಮೇಲೆ, ಜೋಳ ಯಾವ ಊರಿನದು ಎಂದು ಕೇಳುವುದನ್ನು ನಾನು ಬಿಡುವುದಿಲ್ಲ. ಒಳ್ಳೆಯ ಖಾನಾವಳಿಯವರು ಊರಿನ ಹೆಸರು ಹೇಳುತ್ತಾರೆ, ಕೆಲವೊಮ್ಮೆ ಹೊಲದವರ ಹೆಸರನ್ನೂ ಹೇಳುತ್ತಾರೆ. ಅಂಗಡಿಯಿಂದ ಹಿಟ್ಟಿನ ಪಾಕೀಟು ತರುವವರ ಹತ್ತಿರ ಆ ಉತ್ತರ ಇರುವುದಿಲ್ಲ.

ನಗರ ಬಿಟ್ಟು ಪಶ್ಚಿಮಕ್ಕೆ ಅಥಣಿ ರಸ್ತೆ ಹಿಡಿದರೆ ತಿಕೋಟಾ, ನೈರುತ್ಯಕ್ಕೆ ಸಾರವಾಡ ದಾಟಿದರೆ ಬಬಲೇಶ್ವರ. ಮೊದಲು ವಿಜಯಪುರ ತಾಲ್ಲೂಕಿನೊಳಗೇ ಇದ್ದ ಇವೆರಡೂ 2018ರಲ್ಲಿ ಬೇರೆ ತಾಲ್ಲೂಕುಗಳಾದವು. ತಾಲ್ಲೂಕಾದರೆ ಕಚೇರಿ ಬರುತ್ತದೆ, ಕಚೇರಿ ಬಂದರೆ ಅರ್ಜಿ ಹಿಡಿದು ಹಳ್ಳಿಯವರು ಬರುತ್ತಾರೆ, ಅವರಿಗೆ ಮಧ್ಯಾಹ್ನದ ಊಟ ಬೇಕು. ಇಂಥ ಊರುಗಳಲ್ಲಿ ಹುಡುಕುವ ರೀತಿ ಬೇರೆ. ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಬರುವವರಾದ್ದರಿಂದ ದಿನವೂ ಒಲೆ ಉರಿಯುವ ಖಾನಾವಳಿ ಬೆರಳೆಣಿಕೆ. ಸಂತೆಯ ದಿನ ಹೋಗುವುದು ಉತ್ತಮ. ಅಂದು ಗಿರಾಕಿ ಹೆಚ್ಚು, ರೊಟ್ಟಿ ಬುಟ್ಟಿಯಲ್ಲಿ ಕೂರಲು ಹೊತ್ತೇ ಸಿಗುವುದಿಲ್ಲ.

ತಿಕೋಟಾ ಕಡೆ ಋತುವನ್ನೂ ನೋಡಬೇಕು. ಅದು ಈಗ ದ್ರಾಕ್ಷಿಯ ನಾಡು. ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸಿ ಚಾಟ್ನಿ ಮಾಡುವಾಗ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೊಯ್ದ ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ ನೆರಳಿನ ಚಪ್ಪರಗಳಲ್ಲಿ ಒಣಗಿಸಿ ಮನೂಕ ಮಾಡುವಾಗ ಹೊರಗಿನ ಕೂಲಿಯವರು, ವ್ಯಾಪಾರಿಗಳು ಬರುತ್ತಾರೆ. ಆ ತಿಂಗಳುಗಳಲ್ಲಿ ಊಟದ ಮನೆಗಳು ತುಂಬಿರುತ್ತವೆ. ದ್ರಾಕ್ಷಿ ತೋಟದ ಒಬ್ಬ ಕೆಲಸಗಾರ ನನಗೆ ಹೇಳಿದ ಗುರುತು ಸರಳವಾಗಿತ್ತು: ಅನ್ನ ಮೊದಲು ಬಡಿಸಿದರೆ ಅಲ್ಲಿ ಮತ್ತೆ ಹೋಗಬೇಡಿ, ರೊಟ್ಟಿ ಮುಗಿಯುವ ತನಕ ಅನ್ನದ ಮಾತೆತ್ತದ ಕಡೆ ಹೋಗಿ.

ಬಬಲೇಶ್ವರದ ದಾರಿಯಲ್ಲಿ ಕಾಣುವುದು ಇನ್ನೊಂದು ಬದಲಾವಣೆ. ಮುಳವಾಡ ಏತ ನೀರಾವರಿ, ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಈ ಒಣನೆಲಕ್ಕೆ ಹತ್ತಿದೆ. ಬರದಲ್ಲಿ ಗುಳೆ ಹೋಗುತ್ತಿದ್ದ ಸೀಮೆಗೆ ನೀರು ಬಂದದ್ದು ದೊಡ್ಡ ಸಂಗತಿ, ಅದರ ಬಗ್ಗೆ ಯಾರೂ ಎರಡು ಮಾತಾಡಬಾರದು. ನೀರು ಬಂದ ಹೊಲದಲ್ಲಿ ಕಬ್ಬು, ದ್ರಾಕ್ಷಿ, ದಾಳಿಂಬೆ ಏಳುತ್ತವೆ, ಜೋಳ ಹಿಂದೆ ಸರಿಯುತ್ತದೆ. ಜೋಳ ಕೀಳುವುದಕ್ಕೆ, ತೆನೆ ಮುರಿಯುವುದಕ್ಕೆ ಆಳು ಸಿಗದಿರುವುದೂ ಇದಕ್ಕೆ ಕೂಡಿಕೊಂಡಿದೆ. ಭಾರತದ ಪ್ರಸ್ತಾಪದಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳದ ಹೆಸರು ದೊಡ್ಡ ನಗರಗಳ ಹೋಟೆಲುಗಳವರೆಗೆ ಹೋಯಿತು. ಆ ಹೆಸರು ಬಬಲೇಶ್ವರದ ಒಣಬೇಸಾಯದ ರೈತನಿಗೆ ದರವಾಗಿ ಮುಟ್ಟಬೇಕಾದರೆ ಹತ್ತಿರದ ದಾರಿ ಖಾನಾವಳಿಯೇ. ಅಲ್ಲಿ ವರ್ಷಪೂರ್ತಿ ಜೋಳ ಬೇಕು, ಒಳ್ಳೆಯ ಜೋಳವೇ ಬೇಕು.

ಬಿಸಿ ರೊಟ್ಟಿ ಪ್ರಯಾಣ ಮಾಡದು ಎಂದೆ. ಖಡಕ್ ರೊಟ್ಟಿಯ ಮಾತು ಬೇರೆ. ಬೆಂದ ರೊಟ್ಟಿಯನ್ನು ಹಂಚಿನ ಮೇಲೆ ಒತ್ತಿ ತೇವವೆಲ್ಲ ಹೋಗುವಂತೆ ಒಣಗಿಸಿದರೆ ಅದು ವಾರಗಟ್ಟಲೆ ಇರುತ್ತದೆ. ಕೆಡಿಸುವ ಜೀವಾಣುಗಳಿಗೆ ಬೇಕಾದ ನೀರೇ ಅದರಲ್ಲಿಲ್ಲ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಿಟ್ಟುಕೊಳ್ಳುವುದು, ಜಾತ್ರೆಗೆ ಹೊರಟ ಚಕ್ಕಡಿಯಲ್ಲಿ ರೊಟ್ಟಿಯ ಗಂಟು ಇಡುವುದು, ಇವೆಲ್ಲ ಈ ತಿಳಿವಳಿಕೆಯಿಂದಲೇ ಹುಟ್ಟಿದ ರೂಢಿಗಳು. ವಿಜಯಪುರದ ಮಹಿಳಾ ಸಂಘಗಳು, ಮನೆಗಳು ಇಂದು ಕಟ್ಟುಗಟ್ಟಲೆ ಖಡಕ್ ರೊಟ್ಟಿ ಮಾಡಿ ಮಾರುತ್ತವೆ. ನೆರೆಯ ಕಲಬುರಗಿಯಲ್ಲಿ ಜಿಲ್ಲಾಡಳಿತ ಮಹಿಳಾ ಸಂಘಗಳನ್ನು ಒಟ್ಟುಗೂಡಿಸಿ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಮಾರುಕಟ್ಟೆ ಕಟ್ಟಿದೆ. ಊರು ಬಿಡುವ ಮುನ್ನ ಒಂದು ಕಟ್ಟು ಒಯ್ಯುವವರು ಒಂದನ್ನು ಮುರಿದು ನೋಡಿ ಕೊಳ್ಳಲಿ. ಟಕ್ಕನೆ ಮುರಿದರೆ ಚೆನ್ನಾಗಿ ಒಣಗಿದೆ, ಬಾಗಿ ಮುರಿದರೆ ಒಳಗೆ ತೇವ ಉಳಿದಿದೆ, ನಾಲ್ಕು ದಿನದಲ್ಲಿ ಮುಗ್ಗಲು ವಾಸನೆ ಬರುತ್ತದೆ.

ಪಿಜ್ಜಾ ತಿನ್ನಲೇಬೇಕೆಂಬ ಮಕ್ಕಳು ಜೊತೆಗಿದ್ದರೆ? ತಿನ್ನಲಿ. ಅದಕ್ಕೂ ಇದೇ ಪರೀಕ್ಷೆ ಹಾಕಿ. ಕಾಲೇಜುಗಳ ಸುತ್ತ ಸಣ್ಣ ಸಣ್ಣ ಕೆಫೆಗಳೂ ಬೇಕರಿಗಳೂ ಪಿಜ್ಜಾ ಮಾಡುತ್ತವೆ. ಕೇಳಬೇಕಾದ ಮೊದಲ ಪ್ರಶ್ನೆ, ಹಿಟ್ಟು ಇಲ್ಲಿಯೇ ನಾದುತ್ತೀರಾ ಅಥವಾ ತಯಾರಾದ ಬೇಸ್ ತರುತ್ತೀರಾ ಎಂಬುದು. ತಂದ ಬೇಸಿನ ಮೇಲೆ ಏನು ಸುರಿದರೂ ಕೆಳಗಿನದು ಒಣ ಬ್ರೆಡ್ಡೇ. ಸ್ವಂತ ಬೇಕರಿ ಇರುವವರು ದಿನವೂ ಯೀಸ್ಟ್ ಹಿಟ್ಟು ನಾದುವವರೇ ಆದ್ದರಿಂದ, ಅವರು ಮನಸ್ಸು ಮಾಡಿದರೆ ಸರಣಿ ಅಂಗಡಿಗಿಂತ ಒಳ್ಳೆಯ ಪಿಜ್ಜಾ ಕೊಡಬಲ್ಲರು. ಎರಡನೆಯದು ಚೀಸ್. ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆಯಿಂದ ಮಾಡಿದ್ದನ್ನು ಚೀಸ್ ಎಂದು ಮಾರುವಂತಿಲ್ಲ ಎನ್ನುತ್ತದೆ ಆಹಾರ ಸುರಕ್ಷತೆಯ ನಿಯಮ. ಪಾಕೀಟಿನ ಮೇಲೆ ಏನು ಬರೆದಿದೆ ತೋರಿಸಿ ಎಂದು ಕೇಳುವ ಹಕ್ಕು ಗಿರಾಕಿಗಿದೆ. ಮೂರನೆಯದು ಒಲೆ. ಸಣ್ಣ ವಿದ್ಯುತ್ ಒಲೆಗೆ ನೇಪಲ್ಸಿನ ಕಟ್ಟಿಗೆ ಒಲೆಯ ಕಾವು ಬಾರದು. ಅಂಥಲ್ಲಿ ತೆಳ್ಳನೆಯ, ಮೇಲೆ ಹೇರು ಕಡಿಮೆ ಇರುವ ಪಿಜ್ಜಾ ಕೇಳುವುದು ಜಾಣತನ, ಬೇಗ ಬೇಯುತ್ತದೆ, ತಳ ಹಸಿಯಾಗಿ ಉಳಿಯುವುದಿಲ್ಲ.

ಇನ್ನು ತಾವು ನೆಲೆಸಿದ ಊರಿನಲ್ಲಿ ಹುಡುಕುವ ಮಾತು. ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಕಡೆಯ ಜನ ಉತ್ತರ ಕರ್ನಾಟಕ ಖಾನಾವಳಿ ಎಂಬ ಬೋರ್ಡು ಕಂಡರೆ ಒಳಗೆ ಹೋಗುತ್ತಾರೆ, ಹೊರಗೆ ಬಂದು ಊರಿನ ರುಚಿ ಇಲ್ಲ ಎನ್ನುತ್ತಾರೆ. ಊರಿನ ರುಚಿ ಎಂಬುದರಲ್ಲಿ ಬಹುಪಾಲು ಹಿಟ್ಟಿನ ತಾಜಾತನ. ವಿಜಯಪುರದಿಂದಲೋ ಬಾಗಲಕೋಟೆಯಿಂದಲೋ ಕಾಳು ತರಿಸಿ ವಾರಕ್ಕೊಮ್ಮೆ ಗಿರಣಿಗೆ ಹಾಕುವ ಖಾನಾವಳಿ ಬೆಂಗಳೂರಿನಲ್ಲಿದ್ದರೂ ಒಳ್ಳೆಯ ರೊಟ್ಟಿ ಕೊಡಬಲ್ಲದು, ಕಾಳಿಗೆ ಪ್ರಯಾಣ ಮಾಡುವ ಶಕ್ತಿಯಿದೆ. ತಿಂಗಳ ಹಿಂದೆ ಬೀಸಿದ ಹಿಟ್ಟು ತರುವ ಖಾನಾವಳಿ ವಿಜಯಪುರದ ಗಾಂಧಿಚೌಕದಲ್ಲೇ ಇದ್ದರೂ ಕೊಡಲಾರದು. ಆದ್ದರಿಂದ ದೂರದ ಊರಿನಲ್ಲಿರುವವರು ಖಾನಾವಳಿಯ ಮಾಲೀಕರ ಜಿಲ್ಲೆ ವಿಚಾರಿಸುವುದಕ್ಕಿಂತ ಗಿರಣಿ ಎಲ್ಲಿದೆ, ಎಷ್ಟು ದಿನಕ್ಕೊಮ್ಮೆ ಬೀಸುತ್ತಾರೆ ಎಂದು ವಿಚಾರಿಸುವುದು ಮೇಲು. ಹತ್ತಿರದಲ್ಲಿ ಜೋಳ ಬೀಸುವ ಗಿರಣಿ ಇದ್ದರೆ ಅಲ್ಲಿಗೇ ಹೋಗಿ ಕೇಳಿ. ಯಾವ ಖಾನಾವಳಿಯವರು ಚೀಲ ಇಟ್ಟು ಹೋಗುತ್ತಾರೆ, ಯಾವ ದಿನ ಬರುತ್ತಾರೆ ಎಂಬುದು ಗಿರಣಿಯವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ವಿಜಯಪುರಕ್ಕೇ ಬರುವವರು ಜನವರಿಯಿಂದ ಮಾರ್ಚ್ ನಡುವೆ ಬನ್ನಿ. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ, ಹೊಲದಲ್ಲಿ ಹಾಲುಗಾಳಿನ ತೆನೆ ಸುಟ್ಟು ತಿನ್ನುವ ಸೀತನಿಯ ದಿನಗಳು. ಮಾರ್ಚಿನ ಹೊತ್ತಿಗೆ ಹೊಸ ಜೋಳ ಗಿರಣಿಗೆ ಬಂದು ಅದರ ರೊಟ್ಟಿ ಸಿಗುತ್ತದೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರೊಳಗೆ ಖಾನಾವಳಿ ಸೇರಿಕೊಳ್ಳಿ. ಆಮೇಲೆ ಹೋದರೆ ಒಲೆಯ ಮುಂದಿನವರು ತಮ್ಮ ಊಟಕ್ಕೆ ಕೂತಿರುತ್ತಾರೆ, ಅವರನ್ನು ಎಬ್ಬಿಸಬಾರದು.